ಎಂಟು ಡಬ್ಬಿ, ಒಂದೇ ಸ್ಲೈಡು

ಪ್ರೊಜೆಕ್ಟರು ಕೈಕೊಡಬಹುದಿತ್ತು. ಅದು ಸರಿಯಿದ್ದರೆ ಕರೆಂಟು ಕೈಕೊಡಬಹುದಿತ್ತು. ಎರಡೂ ಸರಿಯಿದ್ದು, ನಮ್ಮ ಪ್ಲಗ್ಗಿಗೆ ಮೂರು ಕಾಲು, ಅವರ ಗೋಡೆಗೆ ಎರಡೇ ತೂತು ಇರಬಹುದಿತ್ತು. ಬಸವನ ಬಾಗೇವಾಡಿಯ ಬಸ್ಸು ನಮ್ಮನ್ನು ಬಿಟ್ಟು ಹೋಗಬಹುದಿತ್ತು. ಹತ್ತಿಸಿಕೊಂಡರೆ ನಡುದಾರಿಯಲ್ಲಿ ನಿಂತುಬಿಡಬಹುದಿತ್ತು. ಭಾಗ್ಯಶ್ರೀಯ ಗಂಟಲು ಕಟ್ಟಬಹುದಿತ್ತು. ಗಂಟಲು ಚೆನ್ನಾಗಿದ್ದು ಮಾತು ಮರೆತುಹೋಗಬಹುದಿತ್ತು. ಮಾತು ನೆನಪಿದ್ದು, ಅದು ನಾನು ಕಲಿಸಿದ ಮಾತೇ ಆಗಿರಬಹುದಿತ್ತು. ಊರಲ್ಲಿ ಮದುವೆಯಿದ್ದು ಸಭೆಗೆ ಯಾರೂ ಬಾರದಿರಬಹುದಿತ್ತು. ಅದೇ ಮದುವೆಯ ಊಟ ಮುಗಿಸಿ ಎಲ್ಲರೂ ಬಂದು ಕೂತಲ್ಲೇ ತೂಕಡಿಸಬಹುದಿತ್ತು. ಮಂಗವೊಂದು ಕಿಟಕಿಯಿಂದ ಇಳಿದು ಲ್ಯಾಪ್‌ಟಾಪಿನ ವಯರು ಎಳೆದುಕೊಂಡು ಹೋಗಬಹುದಿತ್ತು.

ಮಂಗದವರೆಗೆ ಬಂದಾಗ ನನ್ನ ಗಂಡ ಪೇಪರು ಮಡಚಿಟ್ಟರು. "ನಿನಗ ಕಾಲೇಜಿನವರು ಪಗಾರ ಕೊಡೂದು ಪಾಠ ಮಾಡ್ಲಿಕ್ಕೊ, ಚಿಂತಿ ಮಾಡ್ಲಿಕ್ಕೊ?" ಎಂದು ಕೇಳಿದರು. ಪಾಠಕ್ಕೇ ಕೊಡುತ್ತಾರೆ, ಚಿಂತೆಯನ್ನು ನಾನು ಮೇಲಿನಿಂದ ಪುಕ್ಕಟೆ ಸುರಿಯುತ್ತೇನೆ. ಇದರಲ್ಲಿ ನನ್ನ ತಪ್ಪು ಕಡಿಮೆ, ತವರಿನದು ಹೆಚ್ಚು. ನನ್ನದು ಇಂಡಿ. ಅಲ್ಲಿ ಲಿಂಬೆ ತೋಟದ ಮನೆಗಳಲ್ಲಿ ಹೂವು ಬಿಡದಿದ್ದರೆ ಬಿಡಲಿಲ್ಲವೆಂದು ಚಿಂತಿಸುತ್ತಾರೆ, ಬಿಟ್ಟರೆ ಉದುರೀತೆಂದು ಚಿಂತಿಸುತ್ತಾರೆ, ಉದುರದೆ ಕಾಯಾದರೆ ಎಲ್ಲರ ತೋಟದಲ್ಲೂ ಹೀಗೇ ಕಾಯಿ ಹಿಡಿದಿರಬೇಕು ಎಂದು ಚಿಂತಿಸುತ್ತಾರೆ. ಗಂಡನ ಮನೆ ಮುದ್ದೇಬಿಹಾಳ. ಅಲ್ಲಿಯವರು ರೈಲು ಹೊರಡುವ ಹೊತ್ತಿಗೆ ಸ್ನಾನಕ್ಕೆ ನೀರು ಕಾಯಿಸುವ ಜಾತಿಯವರು. ಇಂಥ ಎರಡು ಮನೆತನಗಳ ನಡುವೆ ಬೀಗತನ ಬೆಳೆಸಿದವರು ಸಮತೋಲನದ ದೃಷ್ಟಿಯಿಂದ ಮಾಡಿರಬೇಕು. ಫಲ ಮಾತ್ರ ಹೀಗಾಗಿದೆ: ಇಬ್ಬರ ಪಾಲಿನ ಚಿಂತೆಯನ್ನೂ ನಾನೇ ಮಾಡುತ್ತೇನೆ.

ಈ ಸ್ವಭಾವದವಳಿಗೆ ವಿಧಿ ಕೊಟ್ಟ ಕೆಲಸ ಕೇಳಿ. ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಂ.ಟೆಕ್. ಓದುವವರಿಗೆ, ಸಂಶೋಧನೆ ಮಾಡುವವರಿಗೆ 'ಸಂವಹನ ಕೌಶಲ' ಕಲಿಸುವುದು. ಅಂದರೆ ಧೈರ್ಯವಾಗಿ ನಾಲ್ಕು ಜನರ ಮುಂದೆ ನಿಂತು ಮಾತಾಡುವುದು ಹೇಗೆ ಎಂದು, ಸ್ಟಾಫ್ ರೂಮಿನಲ್ಲಿ ಚಹಾ ಬೇಕು ಎನ್ನಲು ನಾಲ್ಕು ಸಲ ಯೋಚಿಸುವ ನಾನು ಹೇಳಿಕೊಡಬೇಕು. ಈಜು ಬಾರದವರು ದಡದಲ್ಲಿ ನಿಂತು ಈಜು ಕಲಿಸುವುದನ್ನು ನಾನು ನೋಡಿಲ್ಲ. ಆದರೆ ಅವರು ಚೆನ್ನಾಗಿಯೇ ಕಲಿಸುತ್ತಾರೆ ಎಂದು ನನಗೆ ಗುಮಾನಿಯಿದೆ. ಎಲ್ಲೆಲ್ಲಿ ಮುಳುಗಬಹುದು ಎಂಬುದು ಅವರಿಗೆ ಗೊತ್ತಿದ್ದಷ್ಟು ಮತ್ಯಾರಿಗೂ ಗೊತ್ತಿರುವುದಿಲ್ಲ.

ನನ್ನ ವಿದ್ಯಾರ್ಥಿಗಳ ತೊಂದರೆ ಮಾತು ಬಾರದ್ದಲ್ಲ. ಕ್ಯಾಂಟೀನಿನಲ್ಲಿ ಅವರ ಮಾತು ಕೇಳಬೇಕು; ಚಹಾ ಆರಿದರೂ ಕೈ ಆಡುತ್ತಲೇ ಇರುತ್ತದೆ. ಅದೇ ಹುಡುಗರನ್ನು ಪರದೆಯ ಪಕ್ಕ ನಿಲ್ಲಿಸಿದಿರೋ, ಯಾವುದೋ ಪರಕಾಯ ಪ್ರವೇಶವಾದಂತೆ ದನಿ ಬದಲಾಗುತ್ತದೆ. "ಪ್ರಯೋಗವನ್ನು ನಡೆಸಲಾಯಿತು. ಮಾದರಿಗಳನ್ನು ಸಂಗ್ರಹಿಸಲಾಯಿತು. ವ್ಯತ್ಯಾಸವನ್ನು ಗಮನಿಸಲಾಯಿತು." ವಿಜ್ಞಾನದಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ, ಎಲ್ಲವೂ ಮಾಡಲ್ಪಡುತ್ತದೆ. ಬಿಸಿಲಲ್ಲಿ ಬೆನ್ನು ಸುಟ್ಟುಕೊಂಡು ಮಣ್ಣು ಅಗೆದ ಹುಡುಗಿ ತನ್ನ ಸ್ಲೈಡಿನಿಂದ ತಾನೇ ಮಾಯವಾಗಿರುತ್ತಾಳೆ. ಇದು ವಿನಯ ಎಂದು ಮೊದಲು ತಿಳಿದಿದ್ದೆ. ಈಗ ಅನಿಸುತ್ತದೆ, ಇದು ನನ್ನಂಥವರು ಕಂಡುಹಿಡಿದ ಉಪಾಯ. ಮಾಡಿದವರು ಯಾರೂ ಇಲ್ಲದಿದ್ದರೆ, ಕೆಟ್ಟಾಗ ಬೈಸಿಕೊಳ್ಳುವವರೂ ಇರುವುದಿಲ್ಲವಲ್ಲ.

ಭಾಗ್ಯಶ್ರೀ ಅಂಥವಳೊಬ್ಬಳು. ಸಿಂದಗಿಯವಳು, ಪಿಎಚ್‌.ಡಿ. ಮಾಡುತ್ತಿದ್ದಾಳೆ. ಅವಳ ಸಂಶೋಧನೆಯೆಲ್ಲ ಒಂದು ಡಬ್ಬಿಯಲ್ಲಿದೆ. ನಾವು ಮಧ್ಯಾಹ್ನಕ್ಕೆ ಚಪಾತಿ ಕಟ್ಟಿಕೊಂಡು ಹೋಗುವ ಡಬ್ಬಿಯಷ್ಟೇ ದೊಡ್ಡದು, ಕೆಳಗೊಂದು ಉದ್ದನೆಯ ಮೊಳೆ. ಅದನ್ನು ಹೊಲದಲ್ಲಿ ಹುಗಿದರೆ ಬೇರಿನ ಮಟ್ಟದಲ್ಲಿ ಎಷ್ಟು ಹಸಿ ಇದೆ ಎಂದು ಮೊಬೈಲಿಗೆ ತಿಳಿಸುತ್ತದೆ. ತರಗತಿಯಲ್ಲಿ ಅವಳು ಇದನ್ನು ವಿವರಿಸಿದಾಗ ನನಗೆ ತಿಳಿದದ್ದು, ಅವಳ ಬಳಿ ಇರುವುದು 'ಪ್ರಸ್ತಾವಿತ ವ್ಯವಸ್ಥೆ' ಎಂಬುದಷ್ಟೇ. ತಿಳಿಯುವಂತೆ ತಿಳಿದದ್ದು ಕ್ಯಾಂಟೀನಿನಲ್ಲಿ, ಅವಳು ಗೆಳತಿಗೆ ಹೇಳುತ್ತಿದ್ದಾಗ, ಹಿಂದಿನ ಮೇಜಿನಲ್ಲಿ ಕೂತು ಕದ್ದು ಕೇಳಿದ್ದರಿಂದ: "ಎರಿ ಹೊಲ ನೋಡವಾ, ಮ್ಯಾಲೆ ಬಿರುಕು ಬಿಟ್ಟಿರತೈತಿ, ಒಳಗ ಹಸಿ ಇರತೈತಿ. ಮ್ಯಾಲಿನ ಮಾರಿ ನೋಡಿ ನೀರು ಬಿಡ್ಕೋತ ಹೋದ್ರ ಹೊಲ ಜವಳ ಹಿಡಿದು ಬೆಳಿ ಕೊಳೀತೈತಿ. ಒಳಗಿಂದು ಯಾರರ ಹೇಳಬೇಕಲ್ಲ? ನಮ್ಮ ಡಬ್ಬಿ ಹೇಳ್ತೈತಿ."

ನಾನು ಚಹಾ ಬಿಟ್ಟು ಎದ್ದು ಅವಳ ಕೈ ಹಿಡಿದುಕೊಂಡೆ. ಹುಡುಗಿ ಹೆದರಿದಳು. ಕದ್ದು ಕೇಳುವ ಮೇಡಮ್ಮುಗಳಿಗೆ ಹೆದರಬೇಕಾದದ್ದೇ.

ಅವಳಿಗೆ ಬೇಕಾದದ್ದು ಹೊಲಗಳು. ಕಾಲುವೆ ನೀರಿನ ಹೊಲಗಳಲ್ಲಿ ಒಂದು ಹಿಂಗಾರಿ ಪೂರ್ತಿ ಅವಳು ಮಾಡಿಟ್ಟ ಇಂಥ ಎಂಟು ಡಬ್ಬಿಗಳು ಕೂತಿರಬೇಕು, ಕುಂಟೆಗೆ ಸಿಗದೆ, ಕಳೆಯೊಂದಿಗೆ ಕಿತ್ತುಹೋಗದೆ. ಆಗ ಮಾತ್ರ ಪ್ರಬಂಧ ಮುಗಿಯುತ್ತದೆ. ಈ ಹಿಂಗಾರಿ ತಪ್ಪಿದರೆ ಮುಂದಿನ ಹಿಂಗಾರಿಯ ತನಕ ಕಾಯಬೇಕು, ಅಷ್ಟರೊಳಗೆ ಅವಳ ಅವಧಿಯೇ ತೀರಿಹೋಗುತ್ತದೆ. ಇಷ್ಟು ವರ್ಷದ ದುಡಿಮೆ ಡಬ್ಬಿಯಲ್ಲೇ ಉಳಿಯುತ್ತದೆ.

ಹಾಗೆಂದು ಅವರು ಕೇಳದೆ ಕೂತಿರಲಿಲ್ಲ. ಅವಳ ಗೈಡ್ ತುಮಕೂರಿನ ಕಡೆಯವರು, ಒಳ್ಳೆಯ ಮನುಷ್ಯ. ಮಳೆಗಾಲದಲ್ಲೇ ಗೊಳಸಂಗಿ ಹತ್ತಿರದ ಒಂದು ಹಳ್ಳಿಗೆ ಅವಳನ್ನು ಕರೆದುಕೊಂಡು ಹೋಗಿ, ನೀರು ಬಳಕೆದಾರರ ಸಂಘದ ಸಭೆಯಲ್ಲಿ ನಲವತ್ತು ಸ್ಲೈಡು ತೋರಿಸಿ, ಕೊನೆಯಲ್ಲಿ "ಪ್ರಶ್ನೆಗಳಿವೆಯೇ?" ಎಂದು ಕೇಳಿದ್ದರು. ಒಂದೂ ಇರಲಿಲ್ಲ. "ಹಾಗಾದರೆ ಡಬ್ಬಿ ಇಡಬಹುದಾ?" ಎಂದದ್ದಕ್ಕೆ ಇಡೀ ಸಭೆ ತಲೆಯಾಡಿಸಿ, "ನೋಡೂಣ್ರಿ" ಎಂದಿತ್ತು. ಗೈಡ್ ಸಂತೋಷದಿಂದ ಮರಳಿ, ರೈತರ ಪ್ರತಿಕ್ರಿಯೆ ಉತ್ತೇಜಕವಾಗಿದೆ ಎಂದು ವರದಿ ಬರೆದರು. ಡಬ್ಬಿ ತೆಗೆದುಕೊಂಡು ಹೋದ ದಿನ ಊರಲ್ಲಿ ಒಬ್ಬರೂ ಕೈಗೆ ಸಿಗಲಿಲ್ಲ.

ಪಾಪ, ಅವರಿಗೆ ಯಾರು ಹೇಳಬೇಕು? ನಮ್ಮ ಕಡೆ ಮಾತು ಒರಟು ಎಂದು ದಕ್ಷಿಣದವರು ತಿಳಿದಿದ್ದಾರೆ. ಆದರೆ ಮನೆಗೆ ಬಂದವರ ಮುಖಕ್ಕೆ ಇಲ್ಲ ಎನ್ನುವ ಒರಟುತನ ನಮ್ಮಲ್ಲಿ ಯಾರಿಗೂ ಇಲ್ಲ. ಕನ್ಯೆ ಒಪ್ಪಿಗೆಯಾಗದಿದ್ದರೆ "ನೋಡೂಣ್ರಿ." ನೆಂಟರು ಕರೆದ ಊರಿಗೆ ಹೋಗುವ ಮನಸ್ಸಿಲ್ಲದಿದ್ದರೆ "ನೋಡೂಣ್ರಿ." ಇಂಡಿಯಿಂದ ಆಲಮಟ್ಟಿಯ ತನಕ ಯಾವ ಕೂಸನ್ನು ಕೇಳಿದರೂ ಅದರ ಅರ್ಥ ಹೇಳುತ್ತದೆ. ಭಾಗ್ಯಶ್ರೀಗೂ ಆ ದಿನವೇ ಗೊತ್ತಾಗಿತ್ತು. ಗೈಡಿಗೆ ಹೇಳುವ ಧೈರ್ಯವಾಗಿರಲಿಲ್ಲ. ನನ್ನ ಬಳಿ ಬಂದು ಅತ್ತಳು. ನಾನು ಅವಳ ಗೈಡನ್ನು ಕಂಡು, ಅದೇ ಊರಲ್ಲಿ ಇನ್ನೊಂದು ಸಲ ಕೇಳೋಣ, ಈ ಸಲ ಅವಳೊಬ್ಬಳೇ ಮಾತಾಡಲಿ, ಜೊತೆಗೆ ನಾನು ಹೋಗುತ್ತೇನೆ ಎಂದೆ. ಎಂದಮೇಲೆ ಎರಡು ವಾರ ನಿದ್ದೆ ಬರಲಿಲ್ಲ.

ತಾಲೀಮು ಶುರುವಾಯಿತು. ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಅವಳ ಮೇಲೆ ಸುರಿದೆ. ನಮ್ಮ ಮನೆತನದಲ್ಲಿ ಕೀರ್ತನೆ ಹೇಳುವ ಕಾಕಾ ಒಬ್ಬರಿದ್ದರು. ಕೀರ್ತನೆಯಲ್ಲಿ ಎರಡು ಭಾಗ: ಪೂರ್ವರಂಗದಲ್ಲಿ ತತ್ತ್ವ, ಉತ್ತರರಂಗದಲ್ಲಿ ಕಥೆ. ನಡುವೆ ಕೀರ್ತನಕಾರರ ಹಣೆಗೆ ಬುಕ್ಕಿಟ್ಟು ಹಚ್ಚಿ ಹಾರ ಹಾಕುತ್ತಾರೆ. ನಮ್ಮ ಕಾಕಾ ಜೀವ-ಪರಮಾತ್ಮರ ಭೇದ ಹೇಳುತ್ತ ಹೇಳುತ್ತ ಸಭೆಯ ಮೇಲೊಂದು ಕಣ್ಣಿಟ್ಟಿರುತ್ತಿದ್ದರು. ಮೂರನೆಯ ಆಕಳಿಕೆ ಕಂಡದ್ದೇ ಮರಾಠಿಯಲ್ಲೊಂದು ಚಟಾಕಿ ಹಾರಿಸಿ ಕಥೆಗೆ ಜಿಗಿಯುತ್ತಿದ್ದರು. ಮುಂದೆ ಎಷ್ಟೋ ಪರದೆಗಳ ಮುಂದೆ ಆಕಳಿಸಿ ಆಕಳಿಸಿ ನಾನು ತೀರ್ಮಾನಿಸಿದ್ದೇನು ಗೊತ್ತೆ? ನಮ್ಮ ಸಂಶೋಧಕರದೆಲ್ಲ ಬರಿಯ ಪೂರ್ವರಂಗ. ಕಥೆ ಬರುವಷ್ಟರಲ್ಲಿ ಅಧ್ಯಕ್ಷರು ಗಂಟೆ ಬಾರಿಸಿರುತ್ತಾರೆ. "ನೀನು ಕಥೆಯಿಂದಲೇ ಶುರು ಮಾಡು. ಕ್ಯಾಂಟೀನಿನಲ್ಲಿ ಹೇಳಿದ ಹಾಗೆ ಹೇಳು" ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯ ಅಧ್ಯಾಪಕಿಯಾಗುತ್ತಿದ್ದೆ. ಚಿಂತೆ ಬಿಡಬೇಕಲ್ಲ. ಕೊನೆಗೆ ಇನ್ನೊಂದು ಗುಟ್ಟು ಸೇರಿಸಿದೆ: "ಉತ್ತರ ಬಾರದ ಪ್ರಶ್ನೆ ಬಂದರೆ, ಗೊತ್ತಿಲ್ಲ ಎಂದು ಮಾತ್ರ ಅನ್ನಬೇಡ. ನನ್ನ ಕಡೆ ನೋಡು. ನಾನು ಚಷ್ಮಾ ಸರಿಮಾಡಿಕೊಂಡರೆ, ಅದು ಈ ಸಂಶೋಧನೆಯ ವ್ಯಾಪ್ತಿಗೆ ಬರುವುದಿಲ್ಲ ಎಂದುಬಿಡು." ಈ ವಾಕ್ಯವನ್ನು ನಾನು ವರ್ಷಾನುವರ್ಷ ಕಲಿಸಿದ್ದೇನೆ. ಇದರಿಂದ ಎಷ್ಟೋ ಜನ ಪಾಸಾಗಿದ್ದಾರೆ.

ಆ ದಿನ ಬಂದೇಬಂತು. ಬಸ್ಸು ಹೊತ್ತಿಗೆ ಸರಿಯಾಗಿ ಬಂತು, ಕೂರಲು ಜಾಗವೂ ಸಿಕ್ಕಿತು. ನನ್ನ ತೊಡೆಯ ಮೇಲೆ ನನ್ನ ಚೀಲ: ಎಕ್ಸ್‌ಟೆನ್ಷನ್ ವಯರು, ಎರಡು ಬಗೆಯ ಪ್ಲಗ್ಗು, ಟಾರ್ಚು, ಗ್ಲೂಕೋಸು, ಜ್ಯೇಷ್ಠಮಧು, ಕೊಡೆ, ಎರಡನೆಯ ಪೆನ್‌ಡ್ರೈವು, ಎರಡನೆಯದು ಕೆಟ್ಟರೆ ಮೂರನೆಯದು, ಮಂಗಕ್ಕೆ ಬಾಳೆಹಣ್ಣು. ಕಿಟಕಿಯ ಹೊರಗೆ ಕಡಲೆ, ಜೋಳ, ನಡುನಡುವೆ ಕಾಲುವೆಯ ಹೊಳಪು. ಎಲ್ಲ ಸರಿಯಾಗಿ ನಡೆಯುತ್ತಿರುವುದನ್ನು ಕಂಡು ನಾನು ಚೀಲದ ಸಾಮಾನನ್ನು ಮತ್ತೊಮ್ಮೆ ಎಣಿಸಿದೆ. ಇಷ್ಟು ಸರಿಯಾಗಿ ನಡೆಯುವುದು ಸರಿಯಲ್ಲ.

ಸಂಘದ ಖೋಲಿಯಲ್ಲಿ ಪ್ಲಗ್ಗು ಕೂತಿತು, ಕರೆಂಟಿತ್ತು, ಪ್ರೊಜೆಕ್ಟರು ಮೊದಲ ಗುಂಡಿಗೇ ಹೊತ್ತಿತು. ಜನ ತುಂಬಿದ್ದರು. ಗೋಡೆಯ ಮೇಲೆ ಭಾಗ್ಯಶ್ರೀಯ ಹೆಸರು, ವಿಷಯ ಎದ್ದು ಕಂಡಿತು. ಅವಳು ಕೈ ಮುಗಿದು "ಎಲ್ಲರಿಗೂ ನಮಸ್ಕಾರ. ನನ್ನ ಸಂಶೋಧನೆಯ ವಿಷಯ" ಎನ್ನುವಷ್ಟರಲ್ಲಿ ಮುಂದಿನ ಸಾಲಿನಿಂದ ಒಂದು ದನಿ ಬಂತು. ಗುರುಬಾಯಿ ಎಂಬ ಹಿರಿಯ ಹೆಣ್ಣುಮಗಳು. ಗಂಡನ ನಂತರ ಹೊಲವನ್ನು ತಾನೇ ನೋಡಿಕೊಂಡು ಬಂದವರು, ಸಂಘದ ಸದಸ್ಯೆ.

"ತಡೀವಾ ತಂಗಿ. ನೀ ಯಾರ ಪೈಕಿ?"

"ಸಿಂದಗಿಯವರ್ರಿ."

"ಸಿಂದಗಿ ದೊಡ್ಡದೈತಿ. ನಿಮ್ಮಪ್ಪ ಏನ ಮಾಡ್ತಾನ?"

"ಟೇಲರ ಅದಾರ್ರಿ. ಬಸ್‌ಸ್ಟ್ಯಾಂಡ ಹಿಂದ ಅಂಗಡಿ ಐತ್ರಿ."

"ಹೊಲಾ?"

"ಇಲ್ರಿ."

"ಹೊಲಾ ಇಲ್ದಾಕಿ ನಮ್ಮ ಹೊಲದಾಗ ಏನ ಹುಗಿಯಾಕ ಬಂದಿ?"

ಖೋಲಿ ನಕ್ಕಿತು. ನಾನು ಗ್ಲೂಕೋಸಿಗೆ ಕೈಹಾಕಿದೆ. ಭಾಗ್ಯಶ್ರೀ ಮಾತ್ರ ತಾನೂ ನಕ್ಕಳು. "ನಮ್ಮವ್ವನ ತವರಮನ್ಯಾಗ ಐತ್ರಿ ಅತ್ತಿ. ಲಚ್ಯಾಣ."

"ಲಚ್ಯಾಣದಾಗ ಯಾರ ಮನಿ?"

"ಮಠದ ಹಿಂದಿನ ಓಣಿರಿ. ಬಾವಿ ಮನಿಯವರಂತಾರ."

"ನಮ್ಮ ಸಣ್ಣ ಸೊಸಿ ಲಚ್ಯಾಣದಾಕಿ. ತಡಿ" ಎಂದ ಗುರುಬಾಯಿ ಸೆರಗಿನಿಂದ ಮೊಬೈಲು ತೆಗೆದು ಅಲ್ಲೇ ಫೋನು ಹಚ್ಚಿದರು, ಎಲ್ಲರಿಗೂ ಕೇಳುವಂತೆ. ಸೊಸೆ ಯಾವುದೋ ಕೆಲಸದ ನಡುವಿನಿಂದ, "ಬಾವಿ ಮನಿಯವರಾ? ಹೂಂ, ಅದಾರ್ರಿ ಅತ್ತಿ. ಛಲೋ ಮಂದಿ" ಎಂದಳು.

ಪ್ರಶ್ನೆಗಳನ್ನು ಕೊನೆಯಲ್ಲಿ ತೆಗೆದುಕೊಳ್ಳೋಣ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ತೆರೆದ ಬಾಯಿ ತೆರೆದೇ ಉಳಿಯಿತು. ಯಾಕೆಂದರೆ ನನ್ನ ಕಣ್ಣೆದುರು ನಡೆಯುತ್ತಿದ್ದುದು ನಾನು ವರ್ಷವಿಡೀ ಹುಡುಗರಿಗೆ ಬರೆಯಲು ಕಲಿಸುವ, ಪ್ರಬಂಧದ ಮೊದಲ ಭಾಗವಾದ ಪೂರ್ವಾಧ್ಯಯನ. ಇವಳ ಮಾತು ಯಾವುದರ ಮೇಲೆ ನಿಂತಿದೆ, ಇವಳಿಗಿಂತ ಮೊದಲು ಯಾರು, ಅವರನ್ನು ಬಲ್ಲವರು ಯಾರು, ಅವರು ನಂಬಬಹುದಾದವರೆ? ಆಧಾರ ಕೊಟ್ಟಳು, ಅಲ್ಲೇ ಪರಿಶೀಲನೆಯೂ ಆಯಿತು. ನಮ್ಮ ಸಂಶೋಧನಾ ಪತ್ರಿಕೆಗಳಿಗೆ ಕಳಿಸಿದರೆ ಇದಕ್ಕೆ ಎಂಟು ತಿಂಗಳು ಬೇಕು. ಕಾಕಾ ಇದ್ದಿದ್ದರೆ ಹೇಳುತ್ತಿದ್ದರು: ಇಲ್ಲಿ ಪೂರ್ವರಂಗವನ್ನು ಸಭೆಯೇ ಹೇಳುತ್ತದೆ, ಕೀರ್ತನಕಾರ ಸುಮ್ಮನೆ ನಿಂತು ಉತ್ತರ ಕೊಡಬೇಕು. ಮೊದಲ ಸಲ ಗೈಡ್ ಈ ಭಾಗವನ್ನು ದಾಟಿ ನೇರವಾಗಿ ಎರಡನೆಯ ಸ್ಲೈಡಿಗೆ ಹೋಗಿದ್ದರು. ಯಾರೆಂದು ಗೊತ್ತಿಲ್ಲದವರನ್ನು ಏನೆಂದು ಕೇಳುವುದು? ಅದಕ್ಕೇ ಪ್ರಶ್ನೆಗಳಿರಲಿಲ್ಲ.

ಈಗ ಇದ್ದವು. ಡಬ್ಬಿ ಕೈಯಿಂದ ಕೈಗೆ ಹೋಯಿತು. ಭಾಗ್ಯಶ್ರೀ ಕ್ಯಾಂಟೀನಿನ ಭಾಗ್ಯಶ್ರೀಯಾದಳು. ಬಿರುಕು, ಹಸಿ, ಜವಳು ಎಂದು ಕೈ ಆಡಿಸುತ್ತ ಹೇಳಿದಳು. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಹುಡುಗಿ ತನ್ನ ಮಾತಿನೊಳಗೆ ತಾನೇ ಮರಳಿ ಬಂದಿದ್ದಳು: "ನಾ ಅಗದೇನಿ, ನಾ ನೋಡೇನಿ, ಒಂದು ಸಲ ನಾ ತಪ್ಪಿದೆ." ನನಗೆ ಎದ್ದು ಚಪ್ಪಾಳೆ ತಟ್ಟಬೇಕೆನಿಸಿತು.

ಆಗ ಸಂಘದ ಅಧ್ಯಕ್ಷ ಬಸನಗೌಡರು ಡಬ್ಬಿಯನ್ನು ಕೆಳಗಿಟ್ಟು ಕೇಳಿದರು: "ಆತು. ಹಸಿ ಐತಿ ಅಂತ ಡಬ್ಬಿ ಹೇಳ್ತೈತಿ. ಯಾರಿಗಿ ಹೇಳ್ತೈತಿ?"

"ಮೊಬೈಲಿಗ್ರಿ."

"ನಿನ್ನ ಮೊಬೈಲಿಗಿ. ಅಲ್ಲಿಂದ ನಿನ್ನ ಪುಸ್ತಕಕ್ಕ. ನಾಳೆ ಅದನ್ನ ಓದಿ ಕೆನಾಲದವರು, ನಿಮ್ಮ ಹೊಲದಾಗ ಹಸಿ ಐತೆಲ್ಲಪಾ, ನಿಮಗ್ಯಾಕ ನೀರಿನ ಪಾಳಿ ಅಂದ್ರ?"

ಮೊದಲ ಸಲದ "ನೋಡೂಣ್ರಿ"ಯ ಹಿಂದೆ ಬಾಯಿಬಿಡದೆ ಕೂತಿದ್ದ ಪ್ರಶ್ನೆ ಇದೇ. ಭಾಗ್ಯಶ್ರೀ ನನ್ನ ಕಡೆ ನೋಡಿದಳು. ನಾನು ಚಷ್ಮಾ ಸರಿಮಾಡಿಕೊಂಡೆ. ಅವಳು ನೋಡುತ್ತಲೇ ಇದ್ದಳು. ಕಾಣಲಿಲ್ಲವೇನೋ ಎಂದು ಚಷ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಅವಳು ಗೌಡರತ್ತ ತಿರುಗಿದಳು.

"ಅದು ನನಗ ಗೊತ್ತಿಲ್ರಿ ಗೌಡ್ರ."

ನನ್ನ ಕಣ್ಣು ತಾನಾಗಿ ಮುಚ್ಚಿತು.

"ಹಂಗ ಆಗಂಗಿಲ್ಲ ಅಂತ ನಾ ಹ್ಯಾಂಗ ಹೇಳ್ಲಿ? ನನ್ನ ಕೈಯಾಗ ಅದಿಲ್ಲ. ನನ್ನ ಕೈಯಾಗ ಇರೂದು ಇಷ್ಟರಿ. ಡಬ್ಬಿ ಏನ ಹೇಳಿದ್ರೂ ಮೊದಲ ನಿಮಗ ಹೇಳ್ತೇನಿ. ಪುಸ್ತಕದಾಗ ಯಾರ ಹೊಲ ಅಂತ ಹೆಸರು ಹಾಕಂಗಿಲ್ಲ. ನಡುವ ನಿಮಗ ಬ್ಯಾಡ ಅನಿಸ್ತಂದ್ರ ಹೇಳ್ರಿ, ಕಿತ್ಕೊಂಡು ಹೋಗ್ತೇನಿ."

"ಕಿತ್ಕೊಂಡ ಹೋದ್ರ ನಿನ್ನ ಸಾಲಿ?"

"ನಿಲ್ತೈತ್ರಿ."

"ಮತ್ತ ಕಿತ್ಕೋತೇನಿ ಅಂತ ಯಾಕ ಹೇಳ್ತಿ?"

"ನೀವು ಕೇಳಿದ್ರೆಲ್ಲರಿ."

ಗೌಡರು ಗುರುಬಾಯಿಯನ್ನು ನೋಡಿದರು. ಗುರುಬಾಯಿ ಎದ್ದು, ಸೆರಗು ಸರಿಮಾಡಿಕೊಂಡು ಹೊರಗೆ ನಡೆದುಬಿಟ್ಟರು. ಮುಗಿಯಿತು ಎಂದುಕೊಂಡೆ. ಎರಡು ವಾರದ ಚಿಂತೆಗೆ ಕೊನೆಗೂ ಮರ್ಯಾದೆ ಸಿಕ್ಕಿತು ಎಂಬ ಒಂದು ಹಾಳು ಸಮಾಧಾನವೂ ಆಯಿತು. ಚಿಂತೆಗಾರರ ಮನಸ್ಸು ಇಂಥದ್ದು. ಅಷ್ಟರಲ್ಲಿ ಗೌಡರು ಮೊಣಕಾಲಿಗೆ ಕೈಕೊಟ್ಟು ಎದ್ದರು. "ನನ್ನ ಹೊಲ ಹಾದ್ಯಾಗ ಬರ್ತೈತಿ. ಅಲ್ಲಿಂದ ಸುರು ಮಾಡೂಣು. ಏ, ಚಾ ತರ್ರಿ."

ನಮ್ಮ ಕಡೆ ಹೂಂ ಎನ್ನುವುದು ಹೀಗೆ. ಆ ಒಂದು ಚಹಾದ ಹೊತ್ತಿನಲ್ಲಿ ಖೋಲಿ ಸಂತೆಯಾಯಿತು. ನನ್ನದು ಕಾಲುವೆಯ ಬಾಯಿಗಿದೆ, ನನ್ನದು ಕೊನೆಗಿದೆ, ಕೊನೆಯದಿಲ್ಲದೆ ನಿನ್ನ ಲೆಕ್ಕ ಹೇಗೆ ಹತ್ತೀತು ಎಂದು ಒಬ್ಬರ ಮೇಲೊಬ್ಬರು ಬಿದ್ದು ಡಬ್ಬಿ ಎತ್ತಿಕೊಂಡರು. ಭಾಗ್ಯಶ್ರೀ ಅತ್ತಿತ್ತ ಓಡಾಡುತ್ತಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ಗೊತ್ತಿರಲಿಲ್ಲ. ನಾನು ಯಾರದೋ ಕಪ್ಪು-ಬಸಿಯಲ್ಲಿ ಚಹಾ ಕುಡಿದೆ, ಅದು ನನ್ನದಲ್ಲ ಎಂದು ಆಮೇಲೆ ತಿಳಿಯಿತು. ಗೋಡೆಯ ಮೇಲೆ ಮೊದಲಿನ ಸ್ಲೈಡೇ ಉರಿಯುತ್ತಿತ್ತು. ಎರಡನೆಯದಕ್ಕೆ ನಾವು ಹೋಗಿಯೇ ಇರಲಿಲ್ಲ.

ಎಂಟೂ ಡಬ್ಬಿ ಹಂಚಿಹೋದ ಮೇಲೆ ಗುರುಬಾಯಿ ಬಾಗಿಲಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಲಚ್ಯಾಣದ ಮೊಮ್ಮಗಳು ಹಸಿದು ಬಂದಿರುತ್ತಾಳೆಂದು ಮನೆಗೆ ಹೋಗಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಂದಿದ್ದರು. ಬುಟ್ಟಿಯನ್ನು ಭಾಗ್ಯಶ್ರೀಯ ಕೈಗಿತ್ತು, "ನಂದೆಲ್ಲೈತಿ?" ಎಂದರು.

"ಏನ್ರಿ ಅತ್ತಿ?"

"ಡಬ್ಬಿ."

ಭಾಗ್ಯಶ್ರೀ ನನ್ನ ಕಡೆ ನೋಡಿದಳು. ಈ ಸಲ ಚಷ್ಮಾಕ್ಕೆ ಕೈ ಹಾಕುವ ಧೈರ್ಯವಾಗಲಿಲ್ಲ.

"ಇಷ್ಟೊತ್ತು ಬಾಯಿ ನೋಯಿಸಿಕೊಂಡು ಕೇಳಿದಾಕಿ ನಾ. ಡಬ್ಬಿ ಅವರಿಗೇನ?"

ನಾನು ಅಭ್ಯಾಸಬಲದಿಂದ ಚೀಲ ತೆರೆದೆ. ವಯರಿತ್ತು, ಪ್ಲಗ್ಗಿತ್ತು, ಟಾರ್ಚಿತ್ತು, ಮಂಗಕ್ಕೆಂದು ತಂದ ಬಾಳೆಹಣ್ಣಿತ್ತು. ಬೇಡ ಎಂದರೆ ಏನೇನು ಮಾಡಬೇಕೋ ಅದಕ್ಕೆಲ್ಲ ಸಾಮಾನಿತ್ತು. ಎಲ್ಲರೂ ಬೇಕು ಎಂದುಬಿಟ್ಟರೆ ಏನು ಮಾಡಬೇಕು ಎಂಬುದನ್ನು ಮಾತ್ರ, ಆ ಎರಡು ವಾರದ ಒಂದು ರಾತ್ರಿಯೂ ನಾನು ಚಿಂತಿಸಿರಲಿಲ್ಲ. ಒಂದು ಡಬ್ಬಿ ಕಡಿಮೆ ಬಿತ್ತು. ಆ ದಿನ ಕೆಟ್ಟದ್ದೆಂದರೆ ಅದಿಷ್ಟೇ.

ಗುರುಬಾಯಿ ಈಗ ನನ್ನನ್ನೇ ನೋಡುತ್ತಿದ್ದರು. ಸಂವಹನ ಕೌಶಲದ ಅಧ್ಯಾಪಕಿಯಾದ ನಾನು ಗಂಟಲು ಸರಿಮಾಡಿಕೊಂಡೆ. ಬಾಳೆಹಣ್ಣು ಅವರ ಕೈಗಿಟ್ಟು, ತಲೆಯಾಡಿಸುತ್ತ, ಬಹಳ ಗೌರವದಿಂದ ಹೇಳಿದೆ:

"ನೋಡೂಣ್ರಿ."

ಗುರುಬಾಯಿ ಹಣ್ಣು ಸುಲಿಯುತ್ತ ನನ್ನ ಮುಖವನ್ನೊಮ್ಮೆ, ಭಾಗ್ಯಶ್ರೀಯ ಮುಖವನ್ನೊಮ್ಮೆ ನೋಡಿದರು.

"ಅದನ್ನ ನಮಗ ಹೇಳ್ತೀರೇನ್ರಿ ಬಾಯಾರ?" ಎಂದರು. "ಈ ಹುಡುಗಿ ಕಡೆ ಕಲೀರಿ ಒಂಚೂರು."